ಹಳದಿ ಎಲೆಗೆಲ್ಲ ಗೊಬ್ಬರವೇ ಮದ್ದಲ್ಲ

ಹಿತ್ತಲಿನ ಬದನೆ ಎಲೆ ಹಳದಿಯಾಯಿತೆಂದರೆ ಸಾಕು, ಬುಡಕ್ಕೆ ಇನ್ನೊಂದು ಬುಟ್ಟಿ ಗೊಬ್ಬರ ಬೀಳುತ್ತದೆ. ಎಷ್ಟೋ ಸಾವಯವ ತೋಟಗಳಲ್ಲಿ ಗೊಬ್ಬರಕ್ಕೆ ಬರವಿಲ್ಲ; ಮಣ್ಣಲ್ಲಿರುವುದು ಬೇರಿಗೆ ದಕ್ಕುತ್ತಿಲ್ಲ, ಅಷ್ಟೆ. ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ.

ಬುಡದ ಹಳೆ ಎಲೆ ಪೂರ್ತಿ ಹಳದಿಯಾಗಿ ಉದುರುತ್ತಿದ್ದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಅದರ ಅಂಚು ಸುಟ್ಟಂತಾದರೆ ಪೊಟ್ಯಾಷ್. ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳುಚಿಕೊಂಡರೆ ಮೆಗ್ನೀಷಿಯಂ. ಇವು ಸಾಲದಾದಾಗ ಗಿಡ ಹಳೆ ಎಲೆಯಿಂದ ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದು, ಅದಕ್ಕೇ ಅದರ ಕೊರತೆ ತುದಿಯ ಎಳೆ ಎಲೆಯಲ್ಲಿ ಕಾಣುತ್ತದೆ.

ಸಾರಜನಕಕ್ಕೆ ಕಡಲೆಹಿಂಡಿ ಬೇಗ ಫಲ ಕೊಡುತ್ತದೆ. ಅದರಲ್ಲಿ ಸುಮಾರು ಶೇ. 7, ಬೇವಿನ ಹಿಂಡಿಯಲ್ಲಿ ಶೇ. 5, ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5ರ ಆಸುಪಾಸು ಸಾರಜನಕವಿರುತ್ತದೆ. ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಿದ್ದೀರಾ? ಅದನ್ನು ಕೊಳೆಸುವ ಜೀವಾಣುಗಳೇ ಸಾರಜನಕ ಕಬಳಿಸುತ್ತವೆ. ಮೇಲ್ಹೊದಿಕೆಯಾಗಿ ಹಾಸಿದರೆ ಅಡ್ಡಿಯಿಲ್ಲ.

ಹೆಚ್ಚು ಎಡವುವುದು ಒಲೆಯ ಬೂದಿಯಲ್ಲಿ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಅದು ಪೊಟ್ಯಾಷ್ ಕೊಟ್ಟು ಹುಳಿಯನ್ನೂ ತಗ್ಗಿಸುತ್ತದೆ. ವಿಜಯಪುರ, ಕಲಬುರಗಿ ಕಡೆಯ ಸುಣ್ಣದಂಶದ ಎರೆಮಣ್ಣಿಗೆ ಸುರಿಯುತ್ತ ಹೋದರೆ ಕ್ಷಾರ ಏರಿ, ಕಬ್ಬಿಣ ಮತ್ತು ಸತು ಇದ್ದೂ ಇಲ್ಲದಂತಾಗುತ್ತವೆ. ಮೂಳೆಪುಡಿಯೂ ಅಷ್ಟೆ, ಹುಳಿ ಮಣ್ಣಲ್ಲಿ ಕರಗುತ್ತದೆ, ಎರೆಮಣ್ಣಲ್ಲಿ ಬಹುಕಾಲ ಹಾಗೇ ಬಿದ್ದಿರುತ್ತದೆ. ಎರೆಮಣ್ಣಿನ ತೋಟದಲ್ಲಿ ಚಿಗುರು ಬಿಳುಚಿದರೆ ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಕರಗಿಸಿ, ತುಸು ನಿಂಬೆರಸ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಬಹುದು. ಸಾವಯವ ಪ್ರಮಾಣಪತ್ರವಿದ್ದವರು ಮೊದಲು ಅದನ್ನು ಕೊಟ್ಟ ಸಂಸ್ಥೆಯನ್ನು ಕೇಳಬೇಕು.

ಟೊಮೆಟೊ ತಳ ಕಪ್ಪಾಗಿ ಕುಳಿಬಿದ್ದರೆ ಮೊಟ್ಟೆಚಿಪ್ಪು ಹಾಕುವವರುಂಟು. ಅದರ ಮೇಲೆ ಯಾಕಷ್ಟು ನಂಬಿಕೆಯೋ! ಚಿಪ್ಪು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸುವುದನ್ನು ಬಿಟ್ಟು ಹದವಾಗಿ ನೀರು ಕೊಡಿ, ಬಹುಪಾಲು ಸರಿಹೋಗುತ್ತದೆ.

ಎಲೆಯ ಗುರುತು ಅಂದಾಜು ಮಾತ್ರ; ಖಚಿತವಾಗಲು ಮಣ್ಣು ಪರೀಕ್ಷೆ ಬೇಕು. ಗೊಬ್ಬರ ಹಾಕುವ ಮೊದಲೇ ಐದಾರು ಕಡೆ ಕಸ ಸರಿಸಿ, ‘ವಿ’ ಆಕಾರದ ಅರ್ಧ ಅಡಿ ಗುಂಡಿ ತೆಗೆದು, ಬದಿಯ ಮಣ್ಣನ್ನು ಮೇಲಿಂದ ಕೆಳತನಕ ಹೆರೆಯಿರಿ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೊ ಕೊಟ್ಟರಾಯಿತು. ಹಳೆ ಗೊಬ್ಬರ ಚೀಲದಲ್ಲಿ ತುಂಬಬೇಡಿ. ಎಲ್ಲಿ ಕೊಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ವರದಿ ಬಂದಾಗ ಮೊದಲು ಮಣ್ಣಿನ ಹುಳಿ-ಕ್ಷಾರ ತಿಳಿಸುವ ರಸಸಾರ (pH) ನೋಡಿ. 6ರಿಂದ 7.5 ಇದ್ದರೆ ತರಕಾರಿಗೆ ಚೆನ್ನ. ಅದಕ್ಕಿಂತ ಕೆಳಗಿದ್ದರೆ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಸುಣ್ಣ ಬೆರೆಸಿ, ಹಸಿ ಸಗಣಿಯ ಜೊತೆ ಮಾತ್ರ ಬೇಡ. 8 ದಾಟಿದ್ದರೆ ಬೂದಿಯನ್ನು ತೋಟದ ಹತ್ತಿರವೂ ತರಬೇಡಿ.