ಪಾಸ್ಕ ಹಬ್ಬ ಮಕ್ಕಳದ್ದೂ ಆಗಲಿ: ಎಂಟು ಸೂತ್ರಗಳು

ಕ್ರಿಸ್ಮಸ್ ಬಂದರೆ ಗೋದಲಿ ಕಟ್ಟುವವರೂ ಮಕ್ಕಳೇ, ನಕ್ಷತ್ರ ತೂಗುಹಾಕುವವರೂ ಮಕ್ಕಳೇ. ಪಾಸ್ಕ ಹಬ್ಬಕ್ಕೆ ಮಾತ್ರ ಉಪವಾಸ, ಶಿಲುಬೆ ಹಾದಿ, ಜಾಗರಣೆ ಎಲ್ಲವೂ ದೊಡ್ಡವರ ಪಾಲು. ಮಕ್ಕಳಿಗೆ ಕೊನೆಗೊಂದು ಚಾಕೊಲೇಟ್ ಮೊಟ್ಟೆ. ಆದರೆ ನಮ್ಮ ವಿಶ್ವಾಸದ ಬುಡ ಇರುವುದು ಈ ಹಬ್ಬದಲ್ಲೇ. ಶುಕ್ರವಾರದ ಕತ್ತಲೆಯನ್ನು ತನ್ನ ಮಟ್ಟಿಗೆ ಕಂಡ ಮಗುವಿಗೇ ಭಾನುವಾರದ ಬೆಳಕು ಬೆಳಕೆನಿಸುವುದು. ಅದಕ್ಕೆ ಉಪದೇಶ ಸಾಲದು, ಮಕ್ಕಳ ಕೈಗೆ ಕೆಲಸ ಕೊಡಬೇಕು.

1. ದಿನವನ್ನು ಮೊದಲೇ ಗುರುತಿಡಿ
ಮಾರ್ಚ್ 21ರಂದು ಇಲ್ಲವೇ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಪಾಸ್ಕ. 2027ರಲ್ಲಿ ಅದು ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಕೆಲವು ವರ್ಷ ಪರೀಕ್ಷೆಯ ಹೊತ್ತಿಗೇ ಹಬ್ಬ ಬೀಳುತ್ತದೆ. ಓದು ಪವಿತ್ರ ವಾರಕ್ಕೆ ಮೊದಲೇ ಒಂದು ಹಂತಕ್ಕೆ ಬರುವಂತೆ ನೋಡಿಕೊಳ್ಳಿ. ಆ ವಾರ ಒಂದು ರಾತ್ರಿ ಮಕ್ಕಳನ್ನು ಮಹಡಿಗೆ ಕರೆದೊಯ್ದು ಚಂದ್ರನನ್ನು ತೋರಿಸಿ. ಯೇಸುಸ್ವಾಮಿ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದ್ದೂ ಹುಣ್ಣಿಮೆಯ ಆಸುಪಾಸಿನ ರಾತ್ರಿಯಲ್ಲೇ ಎಂದು ಹೇಳಿ.

2. ಅಲ್ಲೆಲೂಯವನ್ನು ಬಚ್ಚಿಡಿ
ತಪಸ್ಸುಕಾಲದಲ್ಲಿ ಪೂಜೆಯಲ್ಲಿ ‘ಅಲ್ಲೆಲೂಯ’ ಹಾಡುವುದಿಲ್ಲ. ಬೂದಿ ಬುಧವಾರದ ಹಿಂದಿನ ಸಂಜೆ ಮಕ್ಕಳಿಂದ ಆ ಪದವನ್ನು ದೊಡ್ಡದಾಗಿ ಬರೆಸಿ, ಬಣ್ಣ ತುಂಬಿಸಿ, ಡಬ್ಬಿಯಲ್ಲಿಟ್ಟು ಮುಚ್ಚಿಬಿಡಿ. ಪಾಸ್ಕ ಬೆಳಿಗ್ಗೆ ಅವರೇ ತೆಗೆದು ಗೋಡೆಗೆ ಅಂಟಿಸಲಿ.

3. ಗರಿಯಲ್ಲಿ ಶಿಲುಬೆ ಹೆಣೆಯಿರಿ
ಗರಿಗಳ ಭಾನುವಾರ ತಂದ ತೆಂಗಿನ ಗರಿಯಿಂದ ಪುಟ್ಟ ಶಿಲುಬೆ ಮಾಡುವುದನ್ನು ಅಜ್ಜನೋ ಅಜ್ಜಿಯೋ ಕಲಿಸಲಿ. ಅದನ್ನು ಮನೆಯ ಪೀಠದ ಬಳಿ ಸಿಕ್ಕಿಸಿಡಿ. ಒಣಗಿದ ಗರಿಗಳನ್ನು ಮುಂದಿನ ವರ್ಷ ಚರ್ಚಿಗೆ ಮರಳಿಸುವಾಗ ಮಗುವನ್ನೇ ಕಳಿಸಿ. ತನ್ನ ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬಂತೆಂದು ಅದಕ್ಕೆ ಗೊತ್ತಾಗುತ್ತದೆ.

4. ಗುರುವಾರ ಮನೆಯಲ್ಲೂ ಕಾಲು ತೊಳೆಯಿರಿ
ಒಂದು ಟಬ್ಬು, ಒಂದು ಚೊಂಬು ನೀರು, ಒಂದು ಟವೆಲು ಸಾಕು. ಅಪ್ಪ ಮಗಳ ಕಾಲು ತೊಳೆಯಲಿ, ಅಣ್ಣ ತಂಗಿಯ ಕಾಲು ತೊಳೆಯಲಿ. ಪಾದ ತೊಳೆಯುವ ವಿಧಿಯಲ್ಲಿ ಹೆಣ್ಣುಮಕ್ಕಳೂ ಕೂರಬಹುದೆಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ನಿಯಮವನ್ನೇ ಬದಲಿಸಿದರು. ಸೇವೆ ಎಂದರೇನೆಂದು ಮಗುವಿಗೆ ಬೇರೆ ಪಾಠ ಬೇಡ.

5. ಶುಕ್ರವಾರವನ್ನು ಚಿಕ್ಕದು ಮಾಡಿ, ಬಿಟ್ಟುಬಿಡಬೇಡಿ
ಕಥೋಲಿಕ ನಿಯಮದಂತೆ ಮಾಂಸ ವರ್ಜನೆ 14 ವರ್ಷ ತುಂಬಿದವರಿಗೆ, ಉಪವಾಸ 18 ತುಂಬಿದವರಿಗೆ. ಚಿಕ್ಕವರನ್ನು ಹಸಿವಿಗೆ ದೂಡಬೇಡಿ; ಮಧ್ಯಾಹ್ನ ಮೂರರವರೆಗೆ ಟಿವಿ, ಮೊಬೈಲು ಆರಿಸಿದರೆ ಅವರಿಗೆ ಅದೇ ತಪಸ್ಸು. ಶಿಲುಬೆ ಹಾದಿಯ 14 ಸ್ಥಳಗಳೂ ಒಂದೇ ಸಲ ಬೇಡ. ಶಿಲುಬೆಗೆ ಹೆಗಲು ಕೊಟ್ಟ ಸಿಮೋನ, ಮುಖ ಒರೆಸಿದ ವೆರೋನಿಕ, ಎದುರು ಬಂದ ತಾಯಿ ಮರಿಯ, ಇಷ್ಟನ್ನು ಹೇಳಿ. ರಕ್ತ, ಮೊಳೆಗಳ ವಿವರ ಮಗುವನ್ನು ಹೆದರಿಸುತ್ತದೆ. ನೆರವಾದವರ ಕಥೆ ‘ನಾನೂ ಮಾಡಬಲ್ಲೆ’ ಎನಿಸುತ್ತದೆ.

6. ಜಾಗರಣೆಗೆ ಕರೆದೊಯ್ಯಿರಿ
ಶನಿವಾರ ಮಧ್ಯಾಹ್ನ ಮಲಗಿಸಿ, ರಾತ್ರಿ ಕರೆದೊಯ್ಯಿರಿ. ಚರ್ಚಿನ ಹೊರಗೆ ಹೊಸ ಬೆಂಕಿ. ಆ ವರ್ಷದ ನಾಲ್ಕು ಅಂಕಿಗಳನ್ನು ಬರೆದ ಎತ್ತರದ ಪಾಸ್ಕ ಮೊಂಬತ್ತಿಗೆ ಅದರಿಂದ ಬೆಳಕು. ಒಳಗೆ ಪೂರ್ತಿ ಕತ್ತಲೆ. ಆ ಒಂದು ಜ್ವಾಲೆ ಸಾಲಿನಿಂದ ಸಾಲಿಗೆ ಹರಿದು ನಿಮ್ಮ ಮಗುವಿನ ಕೈಗೆ ಬರುತ್ತದೆ. ಮೇಣ ಬೆರಳಿಗೆ ಬೀಳದಂತೆ ರಟ್ಟಿಗೆ ತೂತು ಮಾಡಿ ಬತ್ತಿ ಸಿಕ್ಕಿಸಿ. ಉರಿಯುವ ಬತ್ತಿ ನೆಟ್ಟಗಿರಲಿ, ಹಚ್ಚಿಸಿಕೊಳ್ಳುವ ಬತ್ತಿ ಬಾಗಲಿ ಎಂದು ಹೇಳಿಕೊಡಿ. ಪಕ್ಕದವರಿಗೆ ಬೆಳಕು ದಾಟಿಸುವಾಗ ಆ ಮುಖವನ್ನೊಮ್ಮೆ ನೋಡಿ. ಪ್ರೊಟೆಸ್ಟೆಂಟ್ ಕುಟುಂಬಗಳಿಗೆ ಮುಂಜಾನೆಯ ಆರಾಧನೆಯಿದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರಾವಿಯನ್ ಯುವಕರು ಸ್ಮಶಾನದಲ್ಲಿ ಹಾಡುತ್ತ ಸೂರ್ಯೋದಯಕ್ಕೆ ಕಾದಂತೆ, ನೀವೂ ಅಜ್ಜ ಅಜ್ಜಿಯ ಸಮಾಧಿಗೆ ಮಗುವಿನ ಕೈಯಿಂದಲೇ ಹೂವಿಡಿಸಿ. ಸಾವೇ ಕೊನೆಯಲ್ಲ ಎಂಬ ಮಾತನ್ನು ಹೇಳಲು ಅದಕ್ಕಿಂತ ಸೂಕ್ತ ಜಾಗವಿಲ್ಲ.

7. ಮೊಟ್ಟೆಗೆ ಬಣ್ಣ ಅಡುಗೆಮನೆಯಿಂದಲೇ
ಮಧ್ಯಯುಗದ ಯುರೋಪಿನಲ್ಲಿ ತಪಸ್ಸುಕಾಲಕ್ಕೆ ಮೊಟ್ಟೆಯೂ ವರ್ಜ್ಯವಾಗಿತ್ತು. ಕೋಳಿಗಳೇನು ಮೊಟ್ಟೆ ಇಡುವುದನ್ನು ನಿಲ್ಲಿಸಲಿಲ್ಲ. ಕೂಡಿದ ಮೊಟ್ಟೆ ಹಬ್ಬದ ತಿನಿಸಾಯಿತು, ಒಡೆಯುವ ಚಿಪ್ಪು ತೆರೆದ ಸಮಾಧಿಯ ಗುರುತಾಯಿತು. ಬಿಳಿ ಮೊಟ್ಟೆಯನ್ನು ಒದ್ದೆ ಮಾಡಿ ಕೊತ್ತಂಬರಿಯ ಒಂದೆಲೆ ಅಂಟಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ. ಎಂಟು ಹತ್ತು ಈರುಳ್ಳಿಯ ಒಣ ಸಿಪ್ಪೆ, ಒಂದು ಚಮಚ ವಿನೆಗರ್ ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ. ಆರಿದ ಮೇಲೆ ಮಗುವೇ ಗಂಟು ಬಿಚ್ಚಲಿ: ಇಟ್ಟಿಗೆಗೆಂಪು ಚಿಪ್ಪಿನ ಮೇಲೆ ಎಲೆಯ ಬಿಳಿ ಅಚ್ಚು! ಬೇಸಿಗೆಯ ಸೆಕೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬಚ್ಚಿಟ್ಟು ಹುಡುಕುವ ಆಟಕ್ಕೆ ಕಾಗದದ ಮೊಟ್ಟೆಯೇ ಒಳ್ಳೆಯದು. ಪಕ್ಕದ ಮನೆಯ ಮಕ್ಕಳನ್ನೂ ಆಟಕ್ಕೆ ಕರೆಯಿರಿ.

8. ಸೋಮವಾರ ಹಬ್ಬ ಮುಗಿಸಬೇಡಿ
ವಾರಕ್ಕೊಂದು ಪುನರುತ್ಥಾನದ ಕಥೆ ಓದಿ. ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯದಿಂದ ಶುರುಮಾಡಿ. ದಡದಲ್ಲಿ ಕೆಂಡದ ಮೇಲೆ ಮೀನು, ರೊಟ್ಟಿ; ‘ಬನ್ನಿ, ಊಟ ಮಾಡಿ’ ಎಂದು ಶಿಷ್ಯರನ್ನು ಕರೆಯುವ ಯೇಸು. ಬಲೆಗೆ ಬಿದ್ದ ಮೀನು 153 ಎಂಬ ಲೆಕ್ಕವೂ ಅಲ್ಲಿದೆ, ಮಕ್ಕಳು ಮರೆಯುವುದಿಲ್ಲ. ಆ ದಿನ ಊಟಕ್ಕೂ ಮೀನೇ ಇರಲಿ.

ಎಂಟನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಈ ಸಲ ಎರಡನ್ನು ಆರಿಸಿ, ಮುಂದಿನ ವರ್ಷ ಇನ್ನೊಂದು ಸೇರಿಸಿ. ಮಕ್ಕಳಿಗೆ ಒಂದು ಮಾತು ಮಾತ್ರ ತಪ್ಪದೆ ಹೇಳಿ: ಧರ್ಮಸಭೆ ತಪಸ್ಸಿಗೆ ಇಟ್ಟದ್ದು 40 ದಿನ, ಪಾಸ್ಕದ ಸಂತೋಷಕ್ಕೆ ಇಟ್ಟದ್ದು 50 ದಿನ.