ಅರಮನೆಯಿಂದ ಮನೆಗೆ ಬಂದ ಸಾಹಿತ್ಯ



ವಾಡಿ ಜಂಕ್ಷನ್ನಿನಲ್ಲಿ ಒಂದು ಗಳಿಗೆ ನಿಂತವರಿಗೆ ಒಂದು ಸಂಗತಿ ತಾನಾಗಿ ತಿಳಿಯುವುದು. ಮುಂಬಯಿಯ ದಾರಿ, ಚೆನ್ನೈಯ ದಾರಿ, ಹೈದರಾಬಾದಿನ ದಾರಿ ಅಲ್ಲಿ ಕೂಡುವವು. ಒಂದೇ ಕಟ್ಟೆಯ ಮೇಲೆ ನಾಲ್ಕಾರು ಭಾಷೆಗಳು ಕಿವಿಗೆ ಬೀಳುವವು. ನಮ್ಮ ಸೀಮೆಗೆ ಇದು ಹೊಸದಲ್ಲ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಈ ನೆಲದಲ್ಲಿ ರೈಲು ಬರುವುದಕ್ಕೆ ಸಾವಿರ ವರ್ಷ ಮೊದಲೇ ಭಾರತೀಯ ಸಾಹಿತ್ಯದ ಹಲವು ದಾರಿಗಳು ಕೂಡಿದ್ದವು. ಸಾಹಿತ್ಯವೆಂಬುದು ಪಂಡಿತರ ಸೊತ್ತು, ಸಂಸಾರಿಗಳಾದ ನಮಗೆ ಅದರಿಂದೇನು ಎಂದು ಕೇಳುವವರುಂಟು. ಅವರಿಗೆ ಉತ್ತರವು ಈ ನೆಲದಲ್ಲಿಯೇ ಇರುವುದು. ಅದನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ಸನ್ನತಿ. ಚಿತ್ತಾಪುರ ತಾಲೂಕಿನಲ್ಲಿ ಭೀಮಾನದಿಯ ದಡದ ಮೇಲಿರುವ ಊರು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ಪರೀಕ್ಷಿಸಲಾಗಿ, ಅದರ ಮೇಲೆ ಅಶೋಕನ ಶಾಸನವು ಕಂಡುಬಂದಿತು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚಕ್ರವರ್ತಿಯೊಬ್ಬನು ತನ್ನ ಮಾತನ್ನು ಕಲ್ಲಿನಲ್ಲಿ ಕೊರೆಯಿಸಿ ಈ ಸೀಮೆಯ ಜನರಿಗೆ ತಿಳಿಸಿದನು. ಇಲ್ಲಿ ಅರಸನು ಹೇಳುವವನು, ಪ್ರಜೆಯು ಕೇಳುವವನು.

ಎರಡನೆಯದು ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಡದ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು (814-878) ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅವನ ಆಸ್ಥಾನದ ಶ್ರೀವಿಜಯನು ಕ್ರಿ.ಶ. 850ರ ಸುಮಾರಿಗೆ ರಚಿಸಿದ 'ಕವಿರಾಜಮಾರ್ಗ'ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಅದಕ್ಕೆ ಆಧಾರವಾದುದು ದಂಡಿಯ ಸಂಸ್ಕೃತ 'ಕಾವ್ಯಾದರ್ಶ'. ಆ ಒಂದು ಲಕ್ಷಣಗ್ರಂಥವು ಎಷ್ಟು ದೂರ ಸಂಚರಿಸಿತೆಂದರೆ, ಸಿಂಹಳದಲ್ಲಿ 'ಸಿಯಬಸ್ಲಕರ'ವಾಯಿತು, ತಮಿಳಿನಲ್ಲಿ 'ದಂಡಿಯಲಂಕಾರಂ' ಆಯಿತು, ಹಿಮಾಲಯವನ್ನು ದಾಟಿ ಟಿಬೆಟ್ಟಿನ ಪಾಠಶಾಲೆಗಳನ್ನೂ ಹೊಕ್ಕಿತು. ನೃಪತುಂಗನ ಹೆಸರಿನಲ್ಲಿರುವ 'ಪ್ರಶ್ನೋತ್ತರರತ್ನಮಾಲಿಕೆ'ಯೂ ಟಿಬೆಟ್ ಭಾಷೆಗೆ ಅನುವಾದವಾಯಿತು. ಅದೇ ಮಾನ್ಯಖೇಟದಲ್ಲಿ ಪುಷ್ಪದಂತನು ಅಪಭ್ರಂಶ ಭಾಷೆಯಲ್ಲಿ 'ಮಹಾಪುರಾಣ'ವನ್ನು 965ರಲ್ಲಿ ಮುಗಿಸಿದನು.

ಶ್ರೀವಿಜಯನು ದಂಡಿಯನ್ನು ಅನುಸರಿಸಿದನಾದರೂ ಒಂದು ಮಾತನ್ನು ಈ ನೆಲದಿಂದಲೇ ಎತ್ತಿಕೊಂಡನು. ಕನ್ನಡನಾಡಿನ ಜನರು ಓದು ಕಲಿಯದವರಾದರೂ ಕಾವ್ಯದ ಮರ್ಮವನ್ನು ಬಲ್ಲವರು ಎಂಬ ಅಭಿಪ್ರಾಯವನ್ನು ಅವನು ತನ್ನ ಗ್ರಂಥದಲ್ಲಿ ತಿಳಿಸಿರುವನು. ಅರಮನೆಯ ಪಂಡಿತನು ಹೊಲದ ಒಕ್ಕಲಿಗನ ನಾಲಗೆಯನ್ನು ಗೌರವಿಸಿದ ಈ ಸಂಗತಿಯು ಸಾಮಾನ್ಯವಾದುದಲ್ಲ.

ಮೂರನೆಯದು ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲೊಂದು ಘಟಿಕಾಸ್ಥಾನವಿದ್ದಿತು. 1058ರ ಶಾಸನದಂತೆ ಅಲ್ಲಿ ವೇದ ಓದುವ 200 ಮಂದಿಗೂ ಶಾಸ್ತ್ರ ಓದುವ 50 ಮಂದಿಗೂ ವ್ಯವಸ್ಥೆಯಿದ್ದಿತು. ಪುಸ್ತಕಗಳನ್ನು ಕಾಯಲು 6 ಮಂದಿ ಸರಸ್ವತೀ ಭಂಡಾರಿಗಳಿದ್ದರು. ಪುಸ್ತಕವನ್ನು ಕಾಯುವುದೇ ಒಂದು ಕಾಯಕವೆಂದು ಎಣಿಸಿದ ಊರು ಅದು. ಆದರೆ ಆ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು.

ಹೀಗೆ ಸನ್ನತಿಯಲ್ಲಿ ಜನರು ಕೇಳಿದರು. ಮಳಖೇಡದಲ್ಲಿ ಜನರನ್ನು ಕವಿ ಹೊಗಳಿದನು. ನಾಗಾವಿಯಲ್ಲಿ ಕೆಲವರು ಓದಿದರು. ಜನರು ತಾವೇ ನುಡಿದುದು ಯಾವಾಗ? ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ. ದೋಣಿ ನಡೆಸುವ ಚೌಡಯ್ಯನು ನುಡಿದನು, ಬಟ್ಟೆ ಮಡಿ ಮಾಡುವ ಮಾಚಯ್ಯನು ನುಡಿದನು. ಆಯ್ದಕ್ಕಿ ಲಕ್ಕಮ್ಮನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನಿಗೆ, ಹೆಚ್ಚಾದುದನ್ನು ತಿರುಗಿ ಸುರಿದು ಬರಬೇಕೆಂದು ಹೇಳಿದಳು. ಅಡಿಗೆಮನೆಯ ಹೊಸ್ತಿಲಲ್ಲಿ ಹೆಂಡತಿ ಗಂಡನಿಗೆ ಹೇಳಿದ ಬುದ್ಧಿಮಾತು ಸಾಹಿತ್ಯವಾದುದನ್ನು ಇಲ್ಲಿ ಕಾಣಬಹುದು. ಇದಕ್ಕಾಗಿ ಅವಳು ಛಂದಸ್ಸನ್ನು ಕಲಿಯಬೇಕಾಗಲಿಲ್ಲ. ನಡೆ ಶುದ್ಧವಾಗಿದ್ದರೆ ಸಾಕಾಯಿತು.

ಆ ನುಡಿ ಕನ್ನಡದಲ್ಲಿಯೇ ನಿಲ್ಲಲಿಲ್ಲ. ಪಾಲ್ಕುರಿಕೆ ಸೋಮನಾಥನು ಬಸವಣ್ಣನವರ ಚರಿತೆಯನ್ನು ತೆಲುಗಿನಲ್ಲಿ ಹಾಡಿದನು. ಅದನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಸೇಡಂ, ಚಿಂಚೋಳಿಗಳ ಗಡಿಯ ಊರುಗಳಲ್ಲಿ ಕನ್ನಡ ತೆಲುಗುಗಳೆರಡನ್ನೂ ಆಡುವ ಬಂಧುಗಳಿಗೆ ಈ ಕೊಡುಕೊಳ್ಳುವಿಕೆ ಹೊಸದೆನಿಸದು. 2017ರಲ್ಲಿ ಬಸವ ಸಮಿತಿಯವರ ವಚನಾನುವಾದ ಸಂಪುಟಗಳು 23 ಭಾಷೆಗಳಲ್ಲಿ ಬಿಡುಗಡೆಯಾದವು.

ಈಗ ಮುಖ್ಯವಾದ ಮಾತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಇಂದು ಮಳಖೇಡದಲ್ಲಿ ಅರಸರಿಲ್ಲ, ನಾಗಾವಿಯ ಅರವತ್ತು ಕಂಬದ ಗುಡಿಯಲ್ಲಿ ವಟುಗಳಿಲ್ಲ. ಕಲ್ಯಾಣವೂ ಚದುರಿತು. ಆದರೆ ವಚನಗಳು ಉಳಿದವು. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಅವುಗಳನ್ನು ಓಲೆಗರಿಯ ಮೇಲೆ ಪ್ರತಿ ಮಾಡಿ ಇಟ್ಟುಕೊಂಡುದರಿಂದಲೇ ಉಳಿದವು. ಫ. ಗು. ಹಳಕಟ್ಟಿಯವರು (1880-1964) ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರು ಬಾಗಿಲಿಗೆ ಬಂದಾಗ ಕೊಡಲು ಮನೆಗಳಲ್ಲಿ ಕಟ್ಟುಗಳಿದ್ದವು ಎಂಬುದನ್ನು ನೆನೆಯಬೇಕು.

ಕೆಲವು ವರ್ಷಗಳ ಹಿಂದೆ ಸೇಡಂ ಕಡೆಯ ಒಂದು ಹಳ್ಳಿಯಿಂದ ನನಗೆ ಕರೆ ಬಂದಿತು. ಆ ಮನೆಯ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಯ ಕಟ್ಟೊಂದಿತ್ತು. ಶ್ರಾವಣದ ಸೋಮವಾರಗಳಲ್ಲಿ ಅದಕ್ಕೆ ವಿಭೂತಿ, ಹೂವು, ನೈವೇದ್ಯ ತಪ್ಪಿರಲಿಲ್ಲ. ಆದರೆ ಮೂರು ತಲೆಮಾರಿನಿಂದ ಬಿಚ್ಚಿರಲಿಲ್ಲ; ಬಿಚ್ಚಿದರೆ ದೋಷವೆಂದು ನಂಬಿದ್ದರು. ನಾನು ಬಿಚ್ಚಿದಾಗ ಕೈಗೆ ಬಂದುದು ಹುಳು ತಿಂದ ಪುಡಿ. ಅಂಚಿನಲ್ಲಿ ಹತ್ತೆಂಟು ಅಕ್ಷರಗಳು ಮಾತ್ರ ಉಳಿದಿದ್ದವು. ಮನೆಯ ಹಿರಿಯರು, "ಮಾಸ್ತರ್ರೆ, ಇದರಾಗ ಏನು ಬರೆದಿತ್ತು, ಹೇಳ್ರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಅವರದೊಂದೇ ಅಲ್ಲ. ಅದೇ ಊರಿಗೆ ನಾನು ವರ್ಷಕ್ಕೊಮ್ಮೆ ಪುರಾಣ ಹೇಳಲು ಹೋಗುತ್ತಿದ್ದೆ. ಒಮ್ಮೆಯೂ ಆ ಕಟ್ಟಿನ ವಿಷಯ ವಿಚಾರಿಸಿರಲಿಲ್ಲ.

ಆದುದರಿಂದ ಗೃಹಸ್ಥ ಭಕ್ತರಲ್ಲಿ ಬಿನ್ನಹವಿಷ್ಟೆ. ಮನೆಯಲ್ಲಿ ಓಲೆಯ ಕಟ್ಟೋ ಹಳೆಯ ಕೈಬರಹದ ಹೊತ್ತಿಗೆಯೋ ಇದ್ದರೆ ಅದಕ್ಕೆ ನೀರು, ಕುಂಕುಮ ತಾಗಿಸದೆ, ಬಲ್ಲವರ ಕೈಯಿಂದ ಬಿಚ್ಚಿಸಿರಿ. ಪ್ರತಿಯೊಂದು ಗರಿಯ ಚಿತ್ರ ತೆಗೆಯಿಸಿರಿ. ಅದು ನಿಮ್ಮ ಮನೆಯಲ್ಲಿಯೇ ಇರಲಿ, ಅದರೊಳಗಿನ ನುಡಿ ಮಾತ್ರ ಹೊರಗೆ ಬರಲಿ. ಕಟ್ಟಿಲ್ಲದ ಮನೆಯಲ್ಲಿ ಅಚ್ಚಾದ ಪುಸ್ತಕ ಒಂದಾದರೂ ಇರಲಿ. ಇರುಳಿನ ಊಟಕ್ಕೆ ಮುನ್ನ ಒಂದು ವಚನವನ್ನು ಮಕ್ಕಳ ಬಾಯಿಂದ ಓದಿಸಿ, ಅದರ ಅರ್ಥವನ್ನು ಅವರ ಮಾತಿನಲ್ಲಿಯೇ ಹೇಳಿಸಿರಿ.

ನಾಗಾವಿಯಲ್ಲಿ ಸರಸ್ವತೀ ಭಂಡಾರಿಗಳ ನೇಮಕವಿದ್ದಿತು. ವಚನದ ಭಂಡಾರಕ್ಕೆ ಅಂಥ ನೇಮಕವಿಲ್ಲ. ಅದನ್ನು ಕಾಯುವವರು ಮನೆಯವರು. ಪೂಜಿಸಿದ ಪುಸ್ತಕವು ಜಗಲಿಯ ಮೇಲೆ ಇರುವುದು. ಓದಿದ ಪುಸ್ತಕವು ಮನೆಯವರ ನಡೆಯಲ್ಲಿ ಇರುವುದು. ಎರಡನ್ನೂ ಉಳಿಸಿಕೊಳ್ಳೋಣ.