ಪಚ್‌ಮರ್ಹಿಯ ಅಳಿಲು, ಮಾಳದ ಅಳಿಲು: ‘ಸ್ಥಳೀಯ ಪ್ರಭೇದ’ದ ಪಾಠಕ್ಕೊಂದು ನಕಾಶೆ

ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಎಂಬ ಪಾಠವಿದೆ. ಮಧ್ಯಪ್ರದೇಶದ ಪಚ್‌ಮರ್ಹಿ ಜೀವಗೋಳ ಮೀಸಲು ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡು ಪಾಠ ಸಾಗುತ್ತದೆ. ಒಂದು ಪ್ರದೇಶದಲ್ಲಿ ಮಾತ್ರ ಕಂಡುಬಂದು ಬೇರೆಲ್ಲೂ ಸಹಜವಾಗಿ ಕಾಣದ ಜೀವಿಗಳು ಸ್ಥಳೀಯ ಪ್ರಭೇದಗಳು ಎಂಬುದು ಅಲ್ಲಿನ ವ್ಯಾಖ್ಯೆ. ಪಚ್‌ಮರ್ಹಿಯ ಸ್ಥಳೀಯ ಪ್ರಾಣಿಗಳೆಂದು ಕಾಡೆಮ್ಮೆ, ದೈತ್ಯ ಅಳಿಲು, ಹಾರುವ ಅಳಿಲುಗಳ ಹೆಸರು ಬರುತ್ತದೆ.

ಬಜಗೋಳಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಈ ಪಾಠ ನನ್ನ ಪಾಲಿಗೆ ಬಂತು. ಇಲ್ಲಿಂದ ಹೆದ್ದಾರಿ ಮಾಳದ ಮೂಲಕ ಘಾಟಿ ಹತ್ತಿ, ಎಸ್.ಕೆ. ಬಾರ್ಡರ್ ದಾಟಿ ಶೃಂಗೇರಿ ಕಡೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಕುದುರೆಮುಖದ ಕಾಡು. 1987ರಲ್ಲಿ ಘೋಷಣೆಯಾದ ಆ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಮಕ್ಕಳಲ್ಲಿ ಹೆಚ್ಚಿನವರು ಕಾಡಂಚಿನ ಅಡಿಕೆ ತೋಟದ ಮನೆಯವರು. ದೈತ್ಯ ಅಳಿಲಿನ ಚಿತ್ರ ತೋರಿಸುವ ಹೊತ್ತಿಗೇ ಹಿಂದಿನ ಬೆಂಚಿನಿಂದ ಮಾತು ಬಂತು: “ಟೀಚರ್, ಇದು ಮಲ್ಲ ಚಣಿಲ್. ನಮ್ಮ ತೋಟಕ್ಕೆ ದಿನಾ ಬರ್ತದೆ. ಮತ್ತೆ ಅಲ್ಲಿ ಮಾತ್ರ ಇರುದು ಅಂತ ಯಾಕೆ ಉಂಟು?”

ಪ್ರಶ್ನೆ ಸರಿಯಾದದ್ದು. ಕೆಂದಳಿಲು, ಅಂದರೆ ರಟುಫಾ ಇಂಡಿಕಾ, ಪಶ್ಚಿಮ ಘಟ್ಟದಲ್ಲಿದೆ, ಪೂರ್ವ ಘಟ್ಟದಲ್ಲಿದೆ, ಪಚ್‌ಮರ್ಹಿ ಇರುವ ಸಾತ್ಪುರದಲ್ಲೂ ಇದೆ. ‘ಶೇಕರು’ ಎಂಬ ಹೆಸರಿನಲ್ಲಿ ಮಹಾರಾಷ್ಟ್ರದ ರಾಜ್ಯ ಪ್ರಾಣಿಯೂ ಹೌದು. ಆದರೆ ಭಾರತದ ಹೊರಗೆ ಎಲ್ಲೂ ಇಲ್ಲ. ಅಂದರೆ ಅದು ಸ್ಥಳೀಯ ಪ್ರಭೇದವೇ, ಆದರೆ ಭಾರತಕ್ಕೆ. ವ್ಯಾಖ್ಯೆ ಸರಿಯಿದೆ, ‘ಪ್ರದೇಶ’ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಕಾಡೆಮ್ಮೆಯದ್ದು ಇನ್ನೂ ದೂರದ ಕಥೆ. ನಮ್ಮ ಮಕ್ಕಳು ಕಾಟಿ ಎಂದು ಕರೆಯುವ ಆ ಪ್ರಾಣಿ ಮಲೇಷ್ಯಾದವರೆಗೂ ಹರಡಿದೆ.

ಇನ್ನೊಂದು ತೊಡಕು ನಮ್ಮ ಶಬ್ದದಲ್ಲೇ ಇದೆ. ‘ಸ್ಥಳೀಯ’ಕ್ಕೆ ಉದಾಹರಣೆ ಕೇಳಿದರೆ ಮಕ್ಕಳು ಊರಿನ ಕೋಳಿ, ಊರಿನ ದನ, ಕಾಗೆ ಎಂದರು. ದಿನಬಳಕೆಯಲ್ಲಿ ಸ್ಥಳೀಯ ಎಂದರೆ ‘ಇಲ್ಲಿರುವುದು’. ವಿಜ್ಞಾನಕ್ಕೆ ಬೇಕಾದದ್ದು ‘ಬೇರೆಲ್ಲೂ ಇಲ್ಲದ್ದು’. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಈ ಅಂತರ ಮುಚ್ಚಿಹೋಗುತ್ತದೆ, ತುಂಬುವುದಿಲ್ಲ.

ಆದ್ದರಿಂದ ‘ಅನ್ವೇಷಿಸು’ ಹಂತಕ್ಕೆ ನಕಾಶೆ ಇಟ್ಟೆ. ಪ್ರತಿ ಗುಂಪಿಗೆ ಏಷ್ಯಾದ ಒಂದು ಬಾಹ್ಯರೇಖಾ ನಕಾಶೆ, ಮೂರು ಬಣ್ಣದ ಪೆನ್ಸಿಲು, ಮೂರು ದಂಶಕಗಳು. ಮೊದಲನೆಯದು ಮುಳ್ಳುಹಂದಿ: ಅದರ ಗೆರೆ ಟರ್ಕಿ, ಅರೇಬಿಯಾದ ಕಡೆಯಿಂದ ಹೊರಟು ಶ್ರೀಲಂಕಾವನ್ನೂ ಒಳಗೊಳ್ಳುತ್ತದೆ. ಎರಡನೆಯದು ಕೆಂದಳಿಲು: ಭಾರತದೊಳಗೇ ನಿಲ್ಲುತ್ತದೆ. ಮೂರನೆಯದು ಬೆನ್ನ ಮೇಲೆ ಚಪ್ಪಟೆ ಮುಳ್ಳುಗಳೂ ಬಾಲದ ತುದಿಯಲ್ಲಿ ಕುಚ್ಚೂ ಇರುವ, ಮರದ ಪೊಟರೆಯಲ್ಲಿ ಬದುಕುವ ನಿಶಾಚರಿ ಮಲಬಾರ್ ಮುಳ್ಳು ಡಾರ್ಮೌಸ್. 1859ರಲ್ಲಿ ಎಡ್ವರ್ಡ್ ಬ್ಲೈತ್ ವಿವರಿಸಿದ ಈ ಪುಟ್ಟ ಪ್ರಾಣಿ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಮಾತ್ರ ಇದೆ. ನಕಾಶೆಯಲ್ಲಿ ಅದಕ್ಕೆ ಸಿಕ್ಕಿದ್ದು ಬೆರಳಗಲದ ಪಟ್ಟಿ. ಮೂರು ಗೆರೆ ಎಳೆದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ: “ಈ ಕಾಡು ಹೋದರೆ ಯಾವುದಕ್ಕೆ ಹೋಗಲು ಬೇರೆ ಜಾಗ ಇಲ್ಲ?” ಉತ್ತರಕ್ಕೆ ಯಾರೂ ಪುಸ್ತಕ ತೆರೆಯಲಿಲ್ಲ.

ಮುಳ್ಳುಹಂದಿ ದಂಶಕವೇ ಎಂಬ ಚರ್ಚೆ ಹತ್ತು ನಿಮಿಷ ತಿಂದಿತು. ತಿನ್ನಲಿ ಎಂದು ಬಿಟ್ಟೆ. ಮುಳ್ಳುಹಂದಿ ಹಂದಿಯಲ್ಲ, ಹಾರುಬೆಕ್ಕು ಬೆಕ್ಕಲ್ಲ, ಸೊಂಡಿಲಿ ಇಲಿಯಲ್ಲ. ಹೆಸರು ನೋಡಿ ಗುಂಪು ಮಾಡಲಾಗದು, ಹಲ್ಲು ನೋಡಬೇಕು. ದಂಶಕಕ್ಕೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಬಾಚಿಹಲ್ಲು. ಅವು ಜೀವನಪೂರ್ತಿ ಬೆಳೆಯುತ್ತವೆ. ಎನಾಮೆಲ್ ಇರುವುದು ಮುಂಭಾಗದಲ್ಲಿ ಮಾತ್ರವಾದ್ದರಿಂದ ಹಿಂಭಾಗ ಬೇಗ ಸವೆದು ಉಳಿಯಂತೆ ಹರಿತ ಉಳಿಯುತ್ತದೆ. ಕೋರೆಹಲ್ಲು ಇಲ್ಲ, ಅಲ್ಲಿ ಖಾಲಿ ಜಾಗ. ಮೊಲದ ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಸಣ್ಣ ಜೊತೆ ಇರುವುದರಿಂದ ಅದೂ ದಂಶಕವಲ್ಲ.

ನಿಜವಾದ ಕಷ್ಟ ಬಂದದ್ದು ಎರಡನೇ ಅವಧಿಯಲ್ಲಿ. “ಭಾರತದಲ್ಲಿ ಮಾತ್ರ ಇರುದಾದ್ರೆ ಇರ್ಲಿ ಟೀಚರ್, ನಮ್ಮ ತೋಟದಲ್ಲಿ ಬೇಡ” ಎಂದಳು ಒಬ್ಬಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ಬೊಂಡ, ಕೋಕೋ ಎರಡೂ ಹೋಗುತ್ತವೆ ಎಂದಳು. ಪಾಠಯೋಜನೆಯಲ್ಲಿ ‘ವನ್ಯಜೀವಿಗಳ ಬಗ್ಗೆ ಪ್ರೀತಿ ಬೆಳೆಸಿಕೊಳ್ಳುವನು’ ಎಂಬ ಸಾಲು ನಾವೆಲ್ಲ ಬರೆಯುತ್ತೇವೆ. ಆ ಸಾಲಿನಲ್ಲಿ ಇವಳ ಮಾತಿಗೆ ಉತ್ತರವಿಲ್ಲ.

ಮರುದಿನ ಹಾಳಾದ ಕೋಕೋ ಕಾಯಿ ತರಲು ಹೇಳಿದೆ. ಕಾಸರಗೋಡಿನ ಸಿಪಿಸಿಆರ್‌ಐ ಕೃಷಿಕರಿಗೆ ಹೇಳುವ ಗುರುತು ಸರಳ: ಇಲಿ ಸಾಮಾನ್ಯವಾಗಿ ತೊಟ್ಟಿನ ಬಳಿ ಕೊರೆಯುತ್ತದೆ, ಅಳಿಲು ಕಾಯಿಯ ನಡುವೆ. ಇಲಿಯದ್ದು ರಾತ್ರಿ ಪಾಳಿ, ಅಳಿಲಿನದ್ದು ಹಗಲು. ಮಕ್ಕಳು ಕಾಯಿಗಳನ್ನು ಎರಡು ರಾಶಿ ಮಾಡಿದರು. ತೊಟ್ಟಿನ ಬಳಿ ಕೊರೆದ ರಾಶಿಯೇ ದೊಡ್ಡದಾಯಿತು. ನಡುವೆ ಕೊರೆದವುಗಳಲ್ಲೂ ಎಷ್ಟು ಕೆಂದಳಿಲಿನದ್ದು, ಎಷ್ಟು ಮೂರು ಪಟ್ಟೆಯ ಸಣ್ಣ ಅಳಿಲಿನದ್ದು ಎಂಬ ಪ್ರಶ್ನೆ ಉಳಿಯಿತು. ಹಗಲಿನಲ್ಲಿ, ಒಂದೂವರೆ ಎರಡು ಕಿಲೋ ತೂಗುವ ಕೆಂಪು ಮೈಯೊಂದಿಗೆ ಕಣ್ಣಿಗೆ ಬೀಳುವುದರಿಂದ ಎಲ್ಲ ಲೆಕ್ಕವೂ ಅದರ ಹೆಸರಿಗೆ ಹೋಗುತ್ತದೆ. ಹಣ್ಣಾಗತೊಡಗಿದ ಕೂಡಲೇ ಕೊಯ್ದರೆ ಕೋಕೋ ನಷ್ಟ ತಗ್ಗುತ್ತದೆ ಎಂಬುದೂ ಅದೇ ಸಂಸ್ಥೆಯ ಸಲಹೆ.

ಆದರೆ ಬೊಂಡ? ಅದಕ್ಕೆ ತೂತು ಕೊರೆಯುವುದು ಕೆಂದಳಿಲೇ. ಅದನ್ನು ತರಗತಿಯಲ್ಲಿ ಅಲ್ಲಗಳೆಯಲಿಲ್ಲ; ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನೂ ಅಷ್ಟೇ ನೇರವಾಗಿ ಹೇಳಿದೆ. ಕರಿಹಲಗೆಯ ಮೇಲೆ ಎರಡೂ ವಾಕ್ಯಗಳು ಪಕ್ಕಪಕ್ಕದಲ್ಲಿ ಉಳಿದವು. ಅದರ ಕಾಡಿನ ಊಟ ಹಣ್ಣೊಂದೇ ಅಲ್ಲ, ಬೀಜ, ಹೂ, ಎಲೆ, ತೊಗಟೆಯೂ ಹೌದು. ಹಣ್ಣಿನ ಬರಗಾಲದಲ್ಲಿ ಇದೇ ಅಳಿಲು ಹೇಗೆ ಬದುಕುತ್ತದೆ ಎಂಬುದನ್ನು ರೆನೀ ಬೋರ್ಜಿಸ್ ಯಲ್ಲಾಪುರದ ಬಳಿಯ ಮಾಗೋಡು ಮತ್ತು ಮಹಾರಾಷ್ಟ್ರದ ಭೀಮಾಶಂಕರ ಕಾಡುಗಳಲ್ಲಿ ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ್ದಾರೆ. ಯಾವ ತಿಂಗಳಲ್ಲಿ ತೋಟಕ್ಕೆ ಹೆಚ್ಚು ಬರುತ್ತದೆ ಎಂದು ಮಕ್ಕಳು ಬರೆದಿಡುವ ಚಟುವಟಿಕೆಗೆ ಅಲ್ಲಿಂದಲೇ ದಾರಿ ಸಿಕ್ಕಿತು. ಬೊಂಡದ ಹುಡುಗಿಯೇ ಆ ಪುಸ್ತಕದ ಉಸ್ತುವಾರಿ ವಹಿಸಿಕೊಂಡಳು.

ಘಟಕ ಪರೀಕ್ಷೆಗೆ ‘ಪಚ್‌ಮರ್ಹಿಯ ಸ್ಥಳೀಯ ಪ್ರಾಣಿಗಳನ್ನು ಹೆಸರಿಸಿ’ ಎಂಬ ಪ್ರಶ್ನೆ ಬಿಟ್ಟು, ‘ಕೆಂದಳಿಲು ಯಾವ ಪ್ರದೇಶಕ್ಕೆ ಸ್ಥಳೀಯ? ಹೇಗೆ ಹೇಳುವಿರಿ?’ ಎಂದು ಕೇಳಿದೆ. ಎರಡು ಅಂಕ: ಒಂದು ಪ್ರದೇಶಕ್ಕೆ, ಒಂದು ಕಾರಣಕ್ಕೆ. ‘ಮಾಳಕ್ಕೆ’ ಎಂದು ಬರೆದವರಿಗೆ ಅಂಕ ಕೊಡಲಿಲ್ಲ, ‘ಪಚ್‌ಮರ್ಹಿಗೆ’ ಎಂದವರಿಗೂ ಕೊಡಲಿಲ್ಲ. ಪಠ್ಯದಲ್ಲಿ ಇದ್ದದ್ದನ್ನೇ ಬರೆದವರಿಗೆ ಅಂಕ ಕಳೆಯಬಹುದೇ ಎಂದು ಮೇಲ್ವಿಚಾರಕರು ಕೇಳಿದರು. ನಕಾಶೆಯ ಪಾಠ ನಡೆದ ತರಗತಿಯಲ್ಲಿ ಕಳೆಯಬಹುದು, ನಡೆಯದ ತರಗತಿಯಲ್ಲಿ ಕಳೆಯಬಾರದು ಎಂಬುದು ನನ್ನ ನಿಲುವು. ಪಕ್ಕದ ವಿಭಾಗದಲ್ಲಿ ಇದೇ ಪಾಠ ಮಾಡುವ ಸಹಪಾಠಿಗೆ ನಕಾಶೆಗಳನ್ನು ಕೊಟ್ಟಿದ್ದೇನೆ.